ಮೂರು ಕಾಲಿನ ಮೊಲ, ಮೂರೂವರೆ ಲಕ್ಷ ರೂಪಾಯಿ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಹಿಡಿಯುವವರನ್ನು ನಾವು ಊರೂರಲ್ಲೂ ಕಂಡಿದ್ದೇವೆ. ಅಮೆರಿಕದ ಫ್ಲಾರಿಡಾ ರಾಜ್ಯ ಆ ವಾದವನ್ನೇ ಮುಗಿಸಿಬಿಟ್ಟಿದೆ. ಅಲ್ಲಿನ ಸರ್ಕಾರಿ ಮೊಲಕ್ಕೆ ಕಾಲಿನ ಅಗತ್ಯವೇ ಇಲ್ಲ. ಚಾರ್ಜ್ ಇದ್ದರೆ ಸಾಕು.

2025ರ ಬೇಸಿಗೆಯಲ್ಲಿ ಅಲ್ಲಿನ ನೀರು ನಿರ್ವಹಣಾ ಇಲಾಖೆ ಎವರ್‌ಗ್ಲೇಡ್ಸ್ ಎಂಬ ಮಹಾ ಜೌಗಿನಲ್ಲಿ, ಹೆಬ್ಬಾವುಗಳನ್ನು ಸೆಳೆದು ಹಿಡಿಯಲೆಂದು, 40 ಯಂತ್ರಮೊಲಗಳನ್ನು ಇರಿಸಿತು. ಮಕ್ಕಳು ತಬ್ಬಿಕೊಂಡು ಮಲಗುವಂಥ ಆಟಿಕೆ ಮೊಲದ ಹೊಟ್ಟೆಯಿಂದ ತುಂಬಿದ್ದನ್ನೆಲ್ಲ ಕಿತ್ತು, ಆ ಜಾಗದಲ್ಲಿ ಮೋಟಾರು ಮತ್ತು ಮೈ ಬೆಚ್ಚಗಾಗಿಸುವ ಸಾಧನ ಇಟ್ಟು ಹೊಲಿದಿದ್ದಾರೆ. ಸೂರ್ಯನ ಬಿಸಿಲೇ ಅದಕ್ಕೆ ಮೇವು. ಬೇಲಿಯೊಳಗೆ ಕುಳಿತು ಜೀವವಿರುವಂತೆ ಅಲುಗಾಡುತ್ತದೆ. ಹೆಬ್ಬಾವು ಹತ್ತಿರ ಬಂದರೆ ಕ್ಯಾಮೆರಾ ಸಂದೇಶ ಕಳಿಸುತ್ತದೆ, ಹಿಡಿಯುವವರು ಓಡಿ ಬರುತ್ತಾರೆ. ಒಂದರ ಬೆಲೆ ಸುಮಾರು 4,000 ಡಾಲರ್, ನಮ್ಮ ಲೆಕ್ಕದಲ್ಲಿ ಮೂರೂವರೆ ಲಕ್ಷ.

ಜೌಗಿನಲ್ಲಿ ನಿಜವಾದ ಮೊಲ ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದವು. ಈಗ ಹೆಬ್ಬಾವಿನೊಳಗಿವೆ. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ರಕೂನ್ ಎಂಬ ಪುಟ್ಟ ಕಾಡುಪ್ರಾಣಿಗಳು ಕಣ್ಣಿಗೆ ಬೀಳುವುದು ಶೇ 99.3ರಷ್ಟು ಕಡಿಮೆಯಾಗಿತ್ತು, ಮೊಲ ಒಂದೂ ಕಾಣಲಿಲ್ಲ. ಆಮೇಲೆ ವಿಜ್ಞಾನಿಗಳು ಒಂದಷ್ಟು ಜೌಗು ಮೊಲಗಳಿಗೆ ರೇಡಿಯೊ ಪಟ್ಟಿ ಕಟ್ಟಿ ಬಿಟ್ಟು ನೋಡಿದರು. ವರ್ಷ ತುಂಬುವುದರೊಳಗೆ, ಸತ್ತ ಮೊಲಗಳಲ್ಲಿ ನೂರಕ್ಕೆ 77 ಹೆಬ್ಬಾವಿಗೆ ತುತ್ತಾಗಿದ್ದವು. ಸಂಕೇತದ ಬೆನ್ನು ಹತ್ತಿ ಹೋದರೆ ಅದು ಹಾವಿನ ಹೊಟ್ಟೆಯಿಂದ ಬರುತ್ತಿತ್ತು. ಸೇವೆಯಲ್ಲಿದ್ದಾಗಲೇ ತೀರಿಕೊಂಡವರ ಮನೆಯವರಿಗೆ ಅನುಕಂಪದ ಆಧಾರದ ಮೇಲೆ ನೌಕರಿ ಕೊಡುವ ಪದ್ಧತಿ ನಮ್ಮಲ್ಲಿದೆ. ಅಲ್ಲಿ ಮನೆಯವರೂ ಉಳಿಯದ ಕಾರಣ ಆಟಿಕೆಯನ್ನು ನೇಮಿಸಿಕೊಂಡರು, ಅಷ್ಟೆ.

ಬರ್ಮಾದ ಹೆಬ್ಬಾವೇನು ಸಮುದ್ರ ಈಜಿಕೊಂಡು ಬಂದದ್ದಲ್ಲ. ಶೋಕಿಗೆ ಸಾಕಲು ತಂದವರು, ಮರಿ ಮುದ್ದಾಗಿದ್ದಷ್ಟು ದಿನ ಕೊರಳಿಗೆ ಸುತ್ತಿಕೊಂಡು ಫೋಟೊ ತೆಗೆಸಿಕೊಂಡರು. ಅದು ಹತ್ತಡಿ ದಾಟಿದ ಮೇಲೆ ಜೌಗಿನ ಅಂಚಿನಲ್ಲಿ ಕಾರು ನಿಲ್ಲಿಸಿ ಡಿಕ್ಕಿ ತೆರೆದರು. ಆಮದಿಗೆ ನಿಷೇಧ ಬಂದದ್ದು 2012ರಲ್ಲಿ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಎಂದರೆ ಇದೇ. ದಿಡ್ಡಿಯೊಳಗೆ ಅಷ್ಟು ಹೊತ್ತಿಗೆ ಒಂದೊಂದು ಹೆಣ್ಣೂ ಹತ್ತಾರು ಮೊಟ್ಟೆ ಇಡುತ್ತಿತ್ತು.

ಹಿಡಿಯುವ ಹಬ್ಬವೂ ಶುರುವಾಯಿತು. 2013ರ ಮೊದಲ ಸ್ಪರ್ಧೆಗೆ ಸುಮಾರು 1,600 ಜನ ಹೆಸರು ಬರೆಸಿದರು. ತಿಂಗಳಿಡೀ ಹುಡುಕಿ ಹಿಡಿದದ್ದು 68. ಹಾವೊಂದಕ್ಕೆ ಇಪ್ಪತ್ಮೂರು ಜನ! ಜಾತ್ರೆಯ ತೇರು ಎಳೆಯಲು ಸಾಕಾಗುತ್ತಿತ್ತು. ಕೊನೆಗೆ 2017ರಲ್ಲಿ ತಮಿಳುನಾಡಿನಿಂದ, ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಬುಡಕಟ್ಟಿನ ಇಬ್ಬರನ್ನು ಕರೆಸಬೇಕಾಯಿತು. ಅವರ ಜೊತೆಗೂಡಿದವರು ನಮ್ಮ ಆಗುಂಬೆಯಲ್ಲಿ ಕಾಳಿಂಗ ಸರ್ಪದ ಅಧ್ಯಯನಕ್ಕೆ ನೆಲೆ ಕಟ್ಟಿದ ರೋಮುಲಸ್ ವಿಟೇಕರ್. ಇರುಳರು ಕೈಯಲ್ಲೊಂದು ಕಬ್ಬಿಣದ ಕೋಲು ಹಿಡಿದು, ಹುಲ್ಲು ಮಗ್ಗುಲಾದದ್ದನ್ನು ನೋಡುತ್ತ ನಡೆದು, ಎರಡು ವಾರದೊಳಗೆ 13 ಹೆಬ್ಬಾವು ಹಿಡಿದುಕೊಟ್ಟರು. ಅವರಲ್ಲಿ ಯಾರೂ ಚಾರ್ಜ್ ಮಾಡಿಸಿಕೊಳ್ಳಬೇಕಾಗಲಿಲ್ಲ.

ಈ ಜೌಗಿನ ಚರಿತ್ರೆಯನ್ನು ನೋಡಿದರೆ ಮೊಲದ ಕತೆ ಅಚ್ಚರಿ ಹುಟ್ಟಿಸುವುದಿಲ್ಲ. ಎವರ್‌ಗ್ಲೇಡ್ಸ್ ಕೆರೆಯಲ್ಲ, ನದಿ. ಹಾಳೆಯಷ್ಟು ತೆಳ್ಳಗೆ, ಮೈಲಿಗಳಷ್ಟು ಅಗಲಕ್ಕೆ, ಗರಗಸದಂಥ ಅಂಚಿನ ಹುಲ್ಲಿನ ನಡುವೆ ಹರಿಯುವ ನದಿ. ಅವಸರವೆಂಬುದೇ ಅದಕ್ಕೆ ಗೊತ್ತಿಲ್ಲ. ಇಂಥ ಸೋಮಾರಿ ನೀರನ್ನು ಕಂಡರೆ ಎಂಜಿನಿಯರುಗಳಿಗೆ ಕೈ ಕಡಿಯುತ್ತದೆ. ಕಿಸಿಮಿ ಎಂಬ ಹೊಳೆ 166 ಕಿಲೋಮೀಟರ್ ಬಳುಕಿ ಬಂದು ನೀರುಣಿಸುತ್ತಿತ್ತು. 1962ರಿಂದ 1971ರ ನಡುವೆ ಅದನ್ನು 90 ಕಿಲೋಮೀಟರಿನ ನೆಟ್ಟನೆಯ ಕಾಲುವೆ ಮಾಡಿದರು. ಆಮೇಲೆ ಹಕ್ಕಿ ಹೋದವು, ಮೀನು ಹೋದವು. 1999ರಿಂದ 2021ರವರೆಗೆ ಕುಳಿತು ಹೊಳೆಯ ಒಂದು ಭಾಗಕ್ಕೆ ಮತ್ತೆ ಬಳುಕುವುದನ್ನು ಕಲಿಸಿದರು. 1928ರಲ್ಲಿ ಜೌಗಿನ ಅಡ್ಡಕ್ಕೆ ರಸ್ತೆ ಹಾಕಿದರು, ಅದು ಅಣೆಕಟ್ಟಿನಂತೆ ನೀರು ತಡೆಯಿತು, ಈಗ ಅದೇ ರಸ್ತೆಯನ್ನು ಅಲ್ಲಲ್ಲಿ ಒಡೆದು ಸೇತುವೆ ಮಾಡಿದ್ದಾರೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರನ್ನು ನಾವೂ ಬಲ್ಲೆವು. ಆದರೆ ಎರಡಕ್ಕೂ ಬೇರೆ ಬೇರೆ ಬಿಲ್ಲು ಮಾಡಿಸುವುದು ಇನ್ನೊಂದು ಮಟ್ಟದ ವಿದ್ಯೆ. 2000ದಲ್ಲಿ ಸುಮಾರು 780 ಕೋಟಿ ಡಾಲರಿಗೆ ಲೆಕ್ಕ ಹಾಕಿದ ಪುನರುಜ್ಜೀವನ ಯೋಜನೆ 2,000 ಕೋಟಿ ದಾಟಿದೆ. ಮೇಲುಗಡೆ ಕಬ್ಬಿನ ಗದ್ದೆಗಳಿಂದ ಬರುವ ರಂಜಕ ಬೇರೆ. ಅದನ್ನು ಕುಡಿದು ಆಪು ಹುಲ್ಲು ಮಾತ್ರ ಸೊಂಪಾಗಿದೆ.

ಇಷ್ಟಾದರೂ ನನಗೆ ನಗು ಬಂದಿರಲಿಲ್ಲ. ಬಂದದ್ದು ಹೆಬ್ಬಾವಿಗೆ ಬಡ್ತಿ ಸಿಕ್ಕಾಗ.

1968ರಲ್ಲಿ ಇದೇ ಜೌಗಿನಲ್ಲಿ ಜಗತ್ತಿನ ಅತಿ ದೊಡ್ಡ ವಿಮಾನ ನಿಲ್ದಾಣ ಕಟ್ಟಲು ಹೊರಟಿದ್ದರು. ಪ್ರತಿಭಟನೆ ಜೋರಾಗಿ, 1970ರಲ್ಲಿ ಒಂದೇ ಒಂದು ರನ್‌ವೇ ಮುಗಿದು ಕೆಲಸ ನಿಂತಿತು. 2025ರಲ್ಲಿ ಆ ರನ್‌ವೇ ಮೇಲೆ, ಪರಿಸರ ಪರಿಣಾಮದ ಪರಿಶೀಲನೆಯ ಗೋಜಿಗೇ ಹೋಗದೆ, ಎಂಟೇ ದಿನಗಳಲ್ಲಿ ಡೇರೆಗಳನ್ನು ಎಬ್ಬಿಸಿ ವಲಸಿಗರ ಬಂಧನ ಕೇಂದ್ರ ತೆರೆದರು. ಹೆಸರು ಅಲಿಗೇಟರ್ ಅಲ್ಕಟ್ರಾಜ್: ಮೊಸಳೆಯ ದಾಯಾದಿಯಾದ ಅಲಿಗೇಟರ್ ಜೊತೆಗೆ ಸಾನ್ ಫ್ರಾನ್ಸಿಸ್ಕೊ ಬಳಿಯ ಹಳೆಯ ದ್ವೀಪ ಜೈಲಿನ ಹೆಸರು. ಕಾವಲಿಗೆ ಹೆಚ್ಚು ಖರ್ಚಿಲ್ಲ, ತಪ್ಪಿಸಿಕೊಂಡು ಹೊರಬಿದ್ದರೆ ಕಾದಿರುವುದು ಅಲಿಗೇಟರ್ ಮತ್ತು ಹೆಬ್ಬಾವು ಎಂದು ರಾಜ್ಯದ ಅಟಾರ್ನಿ ಜನರಲ್ ಹೆಮ್ಮೆಯಿಂದ ಹೇಳಿಕೊಂಡರು. ನೋಡಲು ಬಂದ ಅಧ್ಯಕ್ಷ ಟ್ರಂಪ್, ಅಲಿಗೇಟರ್‌ನಿಂದ ಪಾರಾಗಲು ನೇರವಾಗಿ ಓಡಬಾರದು, ಸೊಟ್ಟಸೊಟ್ಟ ಓಡಬೇಕೆಂದು ಕೈಯಾಡಿಸಿ ತೋರಿಸಿದರು. ಕಿಸಿಮಿ ಹೊಳೆಗೆ ಮಾತ್ರ ಈ ಸಲಹೆ ಅರವತ್ತು ವರ್ಷ ತಡವಾಯಿತು. ಮುಚ್ಚಿರೆಂದು ಆಗಸ್ಟ್‌ನಲ್ಲಿ ನ್ಯಾಯಾಧೀಶೆಯೊಬ್ಬರು ಆದೇಶಿಸಿದರೆ, ಸೆಪ್ಟೆಂಬರ್‌ನಲ್ಲಿ ಮೇಲಿನ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು.

ಹೆಬ್ಬಾವಿನ ಕಡೆಯಿಂದ ಸ್ವಲ್ಪ ಯೋಚಿಸಿ ನೋಡಿ. ಒಂದು ಕಚೇರಿ ಅದನ್ನು ಕೊಲ್ಲುವವರಿಗೆ ಗಂಟೆ ಲೆಕ್ಕದಲ್ಲಿ ಕೂಲಿ ಕೊಡುತ್ತದೆ, ಅತಿ ಹೆಚ್ಚು ಹಿಡಿದವರಿಗೆ 10,000 ಡಾಲರ್ ಬಹುಮಾನ. ಅದೇ ರಾಜ್ಯದ ಇನ್ನೊಂದು ಕಚೇರಿ ಅದನ್ನು ಸಂಬಳವಿಲ್ಲದ ಕಾವಲುಗಾರನೆಂದು ಜಾಹೀರು ಮಾಡುತ್ತದೆ. ಕಲ್ಲ ನಾಗರಕ್ಕೆ ಹಾಲೆರೆದು, ದಿಟದ ನಾಗರಕ್ಕೆ ದೊಣ್ಣೆ ಎತ್ತುವ ನಾಡಿನವನಾದ ನನಗೂ ಇದು ಹೊಸದು: ಇಲ್ಲಿ ಹಾಲು, ದೊಣ್ಣೆ ಎರಡೂ ಒಂದೇ ಹಾವಿಗೆ.

ಪ್ರವಾಸಿಯಾಗಿ ಹೋಗುವವರಿಗೆ ಈ ಜೌಗು ಇದಕ್ಕಿಂತ ಪ್ರಾಮಾಣಿಕ. ಫ್ಲಮಿಂಗೊ ಎಂಬಲ್ಲಿ ಸೊಳ್ಳೆ ಮಾಪಕದ ಫಲಕವೊಂದಿದೆ. ಅದರ ಮುಳ್ಳು 'ಹಿತಕರ'ದಿಂದ ಹೊರಟು 'ಹುಚ್ಚು ಹಿಡಿಸುವಷ್ಟು' ಎಂಬಲ್ಲಿಯವರೆಗೆ ತಿರುಗುತ್ತದೆ. ಇಷ್ಟು ನೇರವಾಗಿ ಮಾತನಾಡುವ ಸರ್ಕಾರಿ ಫಲಕವನ್ನು ನಾನು ಬೇರೆಲ್ಲೂ ಕೇಳಿಲ್ಲ. ರಾಯಲ್ ಪಾಮ್ ಬಳಿ ಕಾರು ನಿಲ್ಲಿಸಿದರೆ ಕಪ್ಪು ರಣಹದ್ದುಗಳು ಬಾನೆಟ್ಟಿನ ಮೇಲೆ ಇಳಿಯುತ್ತವೆ. ವೈಪರಿನ ರಬ್ಬರಿನ ತುದಿಯನ್ನು ಕೊಕ್ಕಿನಲ್ಲಿ ಕಚ್ಚಿ, ಕಾಲೂರಿ, ಶಾವಿಗೆಯಂತೆ ಉದ್ದಕ್ಕೆ ಎಳೆಯುತ್ತವೆ. ಅದಕ್ಕೆಂದೇ ಕಾರಿಗೆ ಹೊದಿಸಲು ಟಾರ್ಪಾಲು, ಬಿಗಿಯಲು ಕೊಕ್ಕೆಯ ಹಗ್ಗ ಇಟ್ಟಿದ್ದಾರೆ. ಅಲಿಗೇಟರ್ ಮತ್ತು ಮೊಸಳೆ ಎರಡೂ ಕಾಡಿನಲ್ಲಿ ಒಟ್ಟಿಗೆ ಬಾಳುವ ಜಾಗ ಜಗತ್ತಿನಲ್ಲಿ ಇದೊಂದೇ. ಅವುಗಳನ್ನು ನೋಡಲು ಬಂದವರು ಮೊದಲು ಕಾರಿಗೆ ಸೀರೆ ಉಡಿಸುತ್ತಾರೆ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 2026ರ ಜನವರಿ 1ರಿಂದ ಈ ಉದ್ಯಾನಕ್ಕೆ ಹೊರದೇಶದವರು ಮಾಮೂಲಿ ಶುಲ್ಕದ ಮೇಲೆ ತಲೆಗೆ 100 ಡಾಲರ್ ಹೆಚ್ಚಿಗೆ ಕೊಡಬೇಕು, ವಾರ್ಷಿಕ ಪಾಸ್ ಇಲ್ಲದಿದ್ದರೆ. ದ್ವಾರದಲ್ಲಿ ಗುರುತಿನ ಚೀಟಿ ಕೈಯಲ್ಲಿ ಹಿಡಿದು ನಿಂತಿರುವಾಗ, ಪಕ್ಕದ ಹುಲ್ಲು ಸರಕ್ಕೆಂದು ಮಗ್ಗುಲಾದರೆ ಗಾಬರಿಯಾಗಬೇಡಿ. ಬರ್ಮಾ ಮೂಲದವನು, ಕಾಗದಪತ್ರ ಯಾವುದೂ ಇಲ್ಲ, ಕೆಲಸಕ್ಕೆ ಹೋಗುತ್ತಿದ್ದಾನೆ.