ಪ್ಯಾನ್ ಅಂದ್ರೆ ಯಾವ ಪ್ಯಾನು?

ಎರಡು ಭಾಷೇಲಿ ಒಂದೇ ಥರ ಕೇಳಿಸೋ ಎರಡು ಪದ ಸಿಕ್ಬಿಟ್ರೆ ಸಾಕು, "ನೋಡಿ, ಇದು ನಮ್ಮಿಂದಾನೇ ಅಲ್ಲಿಗೆ ಹೋಗಿದ್ದು" ಅಂತ ವಾಟ್ಸಾಪಲ್ಲಿ ಫಾರ್ವರ್ಡ್ ಶುರು. ಸಂಸ್ಕೃತದ ಅಭಿಮಾನಿಗಳು, ತಮಿಳಿನ ಅಭಿಮಾನಿಗಳು, ನಮ್ಮ ಕನ್ನಡದವ್ರು, ಯಾರೂ ಇದ್ರಲ್ಲಿ ಹಿಂದೆ ಬಿದ್ದಿಲ್ಲ. ಒಂದೇ ಥರ ಕೇಳಿಸಿದ್ರೆ ನೆಂಟಸ್ತನ ಅಂತ ಲೆಕ್ಕ ಹಾಕೋದು ಎಂಥ ಎಡವಟ್ಟು ಅಂತ ತೋರಿಸೋಕೆ ನಂಗೆ ಯುರೋಪಿನ ಒಂದೇ ಪದ ಸಾಕು. ಪಿ, ಎ, ಎನ್, ಮೂರೇ ಅಕ್ಷರ.

ಸ್ಪೇನಲ್ಲಿ ಅದು ಬ್ರೆಡ್ಡು. ಪೋಲೆಂಡಲ್ಲಿ ಸಾರ್, ಯಜಮಾನ್ರು. ಇಂಗ್ಲಿಷಲ್ಲಿ ಬಾಣಲೆ. ಗ್ರೀಕಲ್ಲಿ 'ಎಲ್ಲಾ' ಅಂತ ಅರ್ಥ, ಅದ್ರ ಜೊತೆಗೆ ಆಡಿನ ಕಾಲು, ಕೊಂಬು ಇರೋ ಒಬ್ಬ ದೇವರ ಹೆಸರೂ ಅದೇ. (ನಮ್ಮ ಪ್ಯಾನ್ ಕಾರ್ಡ್ ಇದ್ಯಾವ್ದೂ ಅಲ್ಲ, ಅದು ಪರ್ಮನೆಂಟ್ ಅಕೌಂಟ್ ನಂಬರ್.)

ಬ್ರೆಡ್ಡಿಂದಾನೇ ಶುರು ಮಾಡೋಣ. ಲ್ಯಾಟಿನ್ನಿನ ಪಾನಿಸ್ ಸ್ಪೇನಲ್ಲಿ ಪಾನ್ ಆಯ್ತು, ಇಟಲೀಲಿ ಪಾನೆ, ಫ್ರಾನ್ಸಲ್ಲಿ ಪ್ಯಾಂ, ಅದನ್ನ ಬರೆಯೋದು ಇಂಗ್ಲಿಷಿನ ಪೇಯ್ನ್ ಥರಾನೇ, ಆದ್ರೆ ಆ ನೋವಿಗೂ ಈ ಬ್ರೆಡ್ಡಿಗೂ ಸಂಬಂಧ ಇಲ್ಲ, ನೋವು ಬಂದಿದ್ದು ದಂಡನೆ ಅನ್ನೋ ಅರ್ಥದ ಪೋಯೆನಾ ಕಡೆಯಿಂದ. ಪೋರ್ಚುಗೀಸರು ಅದನ್ನೇ ಮೂಗಲ್ಲಿ 'ಪಾವ್ಂ' ಅಂದ್ರು, ಗೋವಾಕ್ಕೆ ತಂದ್ರು, ಅದೇ ಇವತ್ತು ನಾವು ತಿನ್ನೋ ಪಾವ್ ಬಾಜಿಯ ಪಾವ್. ನಾಲ್ಕು ಬನ್ ಅಂಟ್ಕೊಂಡಿರುತ್ತೆ, ಒಂದು ಕಿತ್ರೆ ಕಾಲು ಭಾಗ, ಅದಕ್ಕೇ ಪಾವ್ ಅಂತ ವಾದ ಮಾಡೋರು ಇದಾರೆ. ಅಕ್ಕಿ ಅಳೆಯೋ ಪಾವು ಕಾಲು ಸೇರು, ಅದು ನಿಜ, ಆದ್ರೆ ಅದು ಬೇರೆ ಮನೆಯದ್ದು. ಹಳಗನ್ನಡದಲ್ಲಿ ಪಾವು ಅಂದ್ರೆ ಹಾವು, ಅದನ್ನೂ ಇದಕ್ಕೆ ಗಂಟು ಹಾಕಿದ್ರೆ ಬಾಜಿ ತಿನ್ನೋರ ಗತಿ ಏನ್ರೀ?

ಜೊತೇಲಿ ಬ್ರೆಡ್ ತಿನ್ನೋನು ಕಂಪ್ಯಾನಿಯನ್. ಕಂಪನಿ ಅನ್ನೋದೂ ಅಲ್ಲಿಂದಾನೇ. ರೈಲಿನ ಪ್ಯಾಂಟ್ರಿ ಕಾರಲ್ಲಿ ಅಷ್ಟೊಂದು ಬಾಣಲೆ ಇದ್ರೂ ಆ ಪ್ಯಾಂಟ್ರಿ ಹುಟ್ಟಿದ್ದು ಬಾಣಲೆಯಿಂದಲ್ಲ, ಬ್ರೆಡ್ ಇಡೋ ಕೋಣೆಯಿಂದ. ನಾವು ನೀರು ಕುಡಿದಷ್ಟು ಸುಲಭ ಅಂತೀವಲ್ಲ, ಅಂಥ ಕೆಲಸಕ್ಕೆ ಸ್ಪೇನಿನವ್ರು 'ಪಾನ್ ಕೊಮೀದೊ' ಅಂತಾರೆ, ತಿಂದು ಮುಗಿಸಿದ ಬ್ರೆಡ್ಡು.

ಈಗ ಬಾಣಲೆ. ನಂಗೆ ಈ ಇಡೀ ಕಥೇಲಿ ಭಾಳ ಇಷ್ಟ ಆಗೋ ಜಾಗ ಇದು. ಇಂಗ್ಲಿಷ್ ಪ್ಯಾನ್‌ನ ಖಾಸಾ ದಾಯಾದಿ ಜರ್ಮನಿಯ ಪ್ಫಾನ್ನೆ, ನೋಡೋಕೆ ಸ್ವಲ್ಪ ಬೇರೆ ಥರ. ಆದ್ರೆ ಇಂಗ್ಲಿಷಿನ ಪೆಪ್ಪರ್ ಅಲ್ಲಿ ಪ್ಫೆಫರ್, ಪೌಂಡ್ ಅಲ್ಲಿ ಪ್ಫುಂಡ್, ಪೈಪ್ ಅಲ್ಲಿ ಪ್ಫೈಫೆ, ಅಂದ್ರೆ ಸುಮ್ನೆ ಎಲ್ಲೋ ಒಂದು ಕಡೆ ಹೊಂದಿದ್ದಲ್ಲ, ಸಾಲು ಸಾಲು ಪದ ಒಂದೇ ದಾರೀಲಿ ಬದಲಾಗಿದೆ. ನಮಗೆ ಇದು ಹೊಸದೇನಲ್ಲ, ಹಳಗನ್ನಡದ ಪಾಲ್ ಹಾಲಾಯ್ತು, ಪುಲಿ ಹುಲಿಯಾಯ್ತು, ಪೆಸರ್ ಹೆಸರಾಯ್ತು, ತಮಿಳಲ್ಲಿ ಈಗ್ಲೂ ಪಾಲ್, ಪುಲಿ, ಪೆಯರ್ ಇದೆ, ಅದಕ್ಕೇ ತಮಿಳು ನಮ್ಮ ನೆಂಟ ಅಂತ ಧೈರ್ಯವಾಗಿ ಹೇಳಬಹುದು. ಇನ್ನೂ ಮಜಾ ಏನಂದ್ರೆ ಇಂಗ್ಲಿಷ್ ಪ್ಯಾನ್ ತುಂಬ ಹಿಂದೆ ಲ್ಯಾಟಿನ್ನಿನ ಪಾತಿನಾ, ಅಂದ್ರೆ ಅಗಲ ಬಾಯಿನ ತಟ್ಟೆ, ಅದ್ರಿಂದ ಬಂದಿದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆ ಪಾತಿನಾದ ಮರಿ ಪಾತೆಲ್ಲಾ, ಅದ್ರಿಂದ ಸ್ಪೇನಿನ ವಲೆನ್ಸಿಯಾದವರ ಪಾಯೆಲ್ಲಾ, ಅಲ್ಲಿಯವ್ರಿಗೆ ಮೊದಲು ಅದು ಪಾತ್ರೆ, ಆಮೇಲೆ ಅದ್ರಲ್ಲಿ ಬೇಯೋ ಅನ್ನ. ಹಂಗಾಗಿ ಇಂಗ್ಲಿಷ್ ಪ್ಯಾನ್‌ಗೆ ಸ್ಪೇನಲ್ಲಿ ನೆಂಟ್ರು ಯಾರು ಅಂದ್ರೆ ಅಚ್ಚು ಹೊಯ್ದಂಗಿರೋ ಪಾನ್ ಅಲ್ಲ, ಮುಖಾನೇ ಗುರುತು ಸಿಗದ ಪಾಯೆಲ್ಲಾ!

ಪೋಲೆಂಡಿನ ಪಾನ್ ಇದ್ಯಾವ ಗಲಾಟೇಲೂ ಇಲ್ಲ, ಅದು ಪೋಲಿಶ್, ಚೆಕ್ ಥರದ ಸ್ಲಾವಿಕ್ ಭಾಷೆಗಳ ಪದ. ಗುರುತಿಲ್ಲದವ್ರನ್ನ ಅಲ್ಲಿ 'ನೀನು' ಅನ್ನೋ ಹಾಗಿಲ್ಲ, ಗಂಡಸಾದ್ರೆ ಪಾನ್, ಹೆಂಗಸಾದ್ರೆ ಪಾನಿ. "ಚಿ ಪಾನ್ ಮಾ ಚಾಸ್?" ಅಂದ್ರೆ ನಿಮಗೆ ಟೈಮ್ ಇದ್ಯಾ ಅಂತ, ಆದ್ರೆ ವಾಕ್ಯ ಇರೋದು ನಾವು ಎದುರಿಗೆ ಕೂತೋರನ್ನೇ "ಸಾಹೇಬ್ರು ಕಾಫಿ ತಗೋತಾರಾ?" ಅಂತ ಕೇಳ್ತೀವಲ್ಲ, ಹಾಗೆ. ಚರ್ಚಲ್ಲಿ ದೇವರೂ ಪಾನೇ, ಬಸ್ ಓಡಿಸೋರೂ ಪಾನೇ. ಇಷ್ಟು ಸಮಾನತೆ ನಂಗೇನೋ ಇಷ್ಟ.

ಇನ್ನು ಗ್ರೀಕಿನ 'ಎಲ್ಲಾ'. ಇದ್ರಲ್ಲಿ ಗಾಂಧಿನಗರಕ್ಕೂ ಪಾಲಿದೆ, ಪ್ಯಾನ್ ಇಂಡಿಯಾ ಸಿನಿಮಾದ ಪ್ಯಾನ್ ಇದೇ. ಶೂಟಿಂಗಲ್ಲಿ ಕ್ಯಾಮೆರಾ ಪ್ಯಾನ್ ಮಾಡೋದೂ ಇದೇ, ಆದ್ರೆ ಸುತ್ತು ದಾರಿ. ರಾಬರ್ಟ್ ಬಾರ್ಕರ್ ಅನ್ನೋ ಚಿತ್ರಕಾರ ನೋಡೋರ ಸುತ್ತ ಗುಂಡಗೆ ನಿಲ್ಲಿಸೋ ದೊಡ್ಡ ಚಿತ್ರಕ್ಕೆ 1787ರಲ್ಲಿ ಪೇಟೆಂಟ್ ತಗೊಂಡ, ಆಮೇಲೆ ಅದಕ್ಕೆ ಪನೋರಮಾ ಅಂತ ಹೆಸರು ಬಿತ್ತು, 'ಎಲ್ಲಾ' ಜೊತೆ 'ನೋಟ' ಸೇರಿಸಿ, ಅದನ್ನ ಕ್ಯಾಮೆರಾದವ್ರು ಕತ್ತರಿಸಿ ಪ್ಯಾನ್ ಅಂದ್ರು.

ಆಡಿನ ಕಾಲಿನ ದೇವರು ಪ್ಯಾನ್ ಕಾಡಲ್ಲಿ ದನಕುರಿಗಳನ್ನ ಸುಮ್ಸುಮ್ನೆ ಬೆದರಿಸ್ತಿದ್ದ ಅನ್ನೋ ನಂಬಿಕೆಯಿಂದ ಪ್ಯಾನಿಕ್ ಹುಟ್ಕೊಂಡಿದೆ. 'ಎಲ್ಲರನ್ನೂ' ಖುಷಿಪಡಿಸಿದ್ದಕ್ಕೆ ಅವನಿಗೆ ಪ್ಯಾನ್ ಅಂತ ಹೆಸರಿಟ್ರು ಅಂತ ಹಳೇ ಗ್ರೀಕ್ ಸ್ತೋತ್ರದಲ್ಲೇ ಇದೆ, ಅಂದ್ರೆ ಈ ಫಾರ್ವರ್ಡ್ ಕಾಯಿಲೆ ಎರಡು ಸಾವಿರ ವರ್ಷಕ್ಕಿಂತ ಹಳೇದು. ಈಗಿನ ವಿದ್ವಾಂಸರು ಅದನ್ನ ಒಪ್ಪಲ್ಲ, ಮೇಯಿಸೋ, ಕಾಯೋ ಅರ್ಥದ ಧಾತು ಕಡೆ ಕೈ ತೋರಿಸ್ತಾರೆ. 1924ರಲ್ಲಿ ಹರ್ಮನ್ ಕೊಲಿಟ್ಸ್ ಅನ್ನೋ ಜರ್ಮನ್ ವಿದ್ವಾಂಸರು ಇವನನ್ನ ಋಗ್ವೇದದ ಪೂಷನ್ ಜೊತೆ ಜೋಡಿಸಿದ್ರು. ಪೂಷನ್ ದನಕರು ಕಾಯೋನು, ದಾರಿ ತೋರಿಸೋನು, ಅವನ ರಥ ಎಳೆಯೋದೂ ಆಡುಗಳೇ. ಶಬ್ದದ ಲೆಕ್ಕ ಪೂರ್ತಿ ಕೂಡಿಬರಲ್ಲ ಅಂತ ತಕರಾರು ತೆಗೆಯೋರು ಇದಾರೆ, ನಾನಂತೂ ಆಡಿನ ಪಾರ್ಟಿ.