ಆ್ಯಪ್‌ನ ಒಳಪುಟಗಳನ್ನು ಗೂಗಲ್‌ನಿಂದ ದೂರ ಇಡಬೇಕೇ?

ಪರ: ಅಮ್ಮನ ಸ್ಕ್ಯಾನಿಂಗ್ ಊರಿಗೆಲ್ಲ ಯಾಕೆ?

ಕಳೆದ ಮಳೆಗಾಲದಲ್ಲಿ ಒಂದು ದಿನ ಅಮ್ಮನ ಮೊಬೈಲ್ ನಂಬರನ್ನು ಸುಮ್ನೆ ಗೂಗಲ್‌ನಲ್ಲಿ ಹಾಕಿ ನೋಡಿದೆ. ಮಂಗಳೂರಿನ ಒಂದು ಕ್ಲಿನಿಕ್‌ನ ಟೋಕನ್ ಪುಟ ಬಂತು. ಪುಟ ತೆರೆಯಬೇಕಾಗಿಯೇ ಇರಲಿಲ್ಲ. ಅದರ ವಿಳಾಸದಲ್ಲೇ ಅಮ್ಮನ ಹೆಸರು, ನಂಬರ್, ಜೊತೆಗೆ 'ಸ್ಕ್ಯಾನಿಂಗ್' ಎಂಬ ಪದ!

ಫೋನ್ ಮಾಡಿದರೆ ಆ್ಯಪ್ ಮಾಡಿದ ಹುಡುಗ, "ರೋಬಾಟ್ಸ್ ಫೈಲ್‌ನಲ್ಲಿ ಬ್ಲಾಕ್ ಮಾಡಿದ್ದೇನಲ್ಲ ಸರ್" ಎಂದ. ಅಲ್ಲೇ ಎಡವಟ್ಟು. 1994ರಿಂದ ಬಳಕೆಯಲ್ಲಿರುವ ಆ ಫೈಲ್ (robots.txt) ಸರ್ಚ್ ಎಂಜಿನ್‌ಗಳಿಗೆ ಹೇಳುವುದು 'ಒಳಗೆ ಬಂದು ಓದಬೇಡ' ಎಂದಷ್ಟೇ. 'ಹುಡುಕಾಟದ ಪಟ್ಟಿಗೆ ಸೇರಿಸಬೇಡ' ಎಂದಲ್ಲ. ಬೇರೆಲ್ಲೋ ಲಿಂಕ್ ಸಿಕ್ಕಿದರೆ ಗೂಗಲ್ ಪುಟ ಓದದೆಯೇ ವಿಳಾಸ ತೋರಿಸಬಹುದು. ಪಟ್ಟಿಗೆ ಬೇಡ ಎನ್ನಲು ಪುಟದ ಒಳಗೆ ಅಥವಾ ಪುಟದ ಜೊತೆ ಸರ್ವರ್ ಕಳಿಸುವ ಸೂಚನೆಯಲ್ಲಿ (ಹೆಡರ್) 'ನೋಇಂಡೆಕ್ಸ್' ಎಂದು ಬರೆಯಬೇಕು. ಗೂಗಲ್ ಅದನ್ನು ಓದಬೇಕಾದರೆ ಬಾಗಿಲು ತೆರೆದಿರಬೇಕು, ಅಲ್ವಾ? ಹುಡುಗ ಬ್ಲಾಕ್, ನೋಇಂಡೆಕ್ಸ್ ಎರಡನ್ನೂ ಮಾಡಿದ್ದ. ಬಾಗಿಲು ಹಾಕಿ, ಒಳಗಿನ ಗೋಡೆಗೆ ಚೀಟಿ ಅಂಟಿಸಿದ ಹಾಗೆ. ರೋಬಾಟ್ಸ್ ಫೈಲ್‌ನಲ್ಲೇ ನೋಇಂಡೆಕ್ಸ್ ಬರೆಯೋಣವೆಂದರೆ 2019ರ ಸೆಪ್ಟೆಂಬರ್ 1ರಿಂದ ಗೂಗಲ್ ಅದಕ್ಕೆ ಸೊಪ್ಪು ಹಾಕುವುದಿಲ್ಲ.

ಲಾಗಿನ್ ಇಟ್ಟರೆ ಸಾಕು ಎನ್ನುವ ಬುದ್ಧಿವಂತರಿದ್ದಾರೆ. ಎಂಬತ್ತು ದಾಟಿದ ಅಮ್ಮ ಟೋಕನ್ ನೋಡಲು ಪಾಸ್‌ವರ್ಡ್ ಬಾಯಿಪಾಠ ಮಾಡಬೇಕಂತೆ, ಕೇಳಿ ಮಾರಾಯ್ರೇ! ಟೋಕನ್, ಬಿಲ್, ಕಾರ್ಟ್ ಯಾವುದೂ ಗೂಗಲ್‌ಗೆ ಬೇಡ. ಬೇಡ ಎಂದರೆ ಬೇಡ.

ವಿರೋಧ: ಮಲ್ಪೆಯ ಎರಡು ಖಾಲಿ ಕೋಣೆ

ಉಳಿದಿದ್ದ ಬದಿ ಇದೊಂದೇ, ಹಾಗಾಗಿ ನನ್ನ ಪಾಲಿಗೆ ಬಂತು. ಎದುರಿನವರ ಬರಹವನ್ನು ಮೊದಲೇ ಓದಿದೆ, ಅದು ತಪ್ಪಾಯಿತು. ಟೋಕನ್ ಪುಟ ಗೂಗಲ್‌ಗೆ ಯಾಕೆ ಎಂದು ನಾನೂ ಕೇಳುವವನೇ.

ಆದರೆ ನಮ್ಮ ಭಾವನ ಕಥೆ ಕೇಳಿ. ಮಲ್ಪೆಯಲ್ಲಿ ಅವರದೊಂದು ಹೋಂಸ್ಟೇ ಇದೆ. ಬುಕಿಂಗ್ ಆ್ಯಪ್ ಮಾಡಿಸಿದರು. ಪರೀಕ್ಷೆಗೆಂದು ಹಾಕಿದ್ದ ನೋಇಂಡೆಕ್ಸ್ ತೆಗೆಯಲು ಎಲ್ಲರೂ ಮರೆತರು. ಡಿಸೆಂಬರ್ ರಜೆಗೆ ಬೀಚಿನಲ್ಲಿ ಕಾಲಿಡಲು ಜಾಗವಿಲ್ಲ, ಭಾವನ ಎರಡು ಕೋಣೆ ಖಾಲಿ. ಅತಿಥಿಗಳಿಗೆಂದು ಕಲಸಿದ ಹಿಟ್ಟಿನಲ್ಲಿ ಗೋಳಿಬಜೆ ಕರಿದು ನಾವೇ ತಿಂದೆವು. ಆ ಒಂದು ಸಾಲು ಅಳಿಸಿ, ಪುಟ ಗೂಗಲ್‌ಗೆ ಬರುವಷ್ಟರಲ್ಲಿ ಶಾಲೆ ಶುರುವಾಗಿತ್ತು.

ಗುಟ್ಟಿನ ಪುಟಕ್ಕೆ ಬೀಗವೇ ಬೇಕು. ನೋಇಂಡೆಕ್ಸ್ ಕಂಡು ಸುಮ್ಮನಾಗುವುದು ಮರ್ಯಾದಸ್ಥ ಸರ್ಚ್ ಎಂಜಿನ್‌ಗಳು ಮಾತ್ರ. ಲಿಂಕ್ ಸಿಕ್ಕಿದ ಕಳ್ಳ ಬಿಡುತ್ತಾನಾ? ವಯಸ್ಸಾದ ಅಮ್ಮನಿಗೆ ಪಾಸ್‌ವರ್ಡ್ ಬೇಡ, ಒಟಿಪಿ ಸಾಕು. ಅದನ್ನು ಯಾರು ಓದಿ ಹೇಳುವುದು ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ನಾನೇ.