ಒದ್ದೆ ಚಮಚ

ಐವತ್ತು ತುಂಬಿದ ದಿನ ಒಂದು ತೀರ್ಮಾನ ಮಾಡಿದೆ. ಇನ್ನು ಸಣ್ಣಪುಟ್ಟದ್ದಕ್ಕೆಲ್ಲ ಕೂಗಾಡುವುದಿಲ್ಲ. ಮನಸ್ಸಿಗೂ ವಯಸ್ಸಾಗಬೇಕು, ಅಲ್ವಾ? ಮಂಡಿಗೆ ಮಾತ್ರ ಆದರೆ ಸಾಕೇ?

ದಾರಿಯೂ ಸಿಕ್ಕಿತ್ತು. ಸಿಟ್ಟು ಬಂದಾಗ ಅದಕ್ಕೆ ಹೆಸರಿಡಬೇಕಂತೆ. 2007ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರು ಕೆಲವರಿಗೆ ಸಿಟ್ಟಿನ, ಹೆದರಿಕೆಯ ಮುಖಗಳನ್ನು ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದ್ದರು. ಆ ಭಾವನೆಯ ಹೆಸರು ಆರಿಸಿದಾಗ, ಗಾಬರಿಯ ಗಂಟೆ ಬಾರಿಸುವ ಅಮಿಗ್ಡಲಾ ಸ್ವಲ್ಪ ತಣ್ಣಗಾಯಿತಂತೆ. ಹೆಸರಿಡುವುದು ನನಗೇನು ಹೊಸದಲ್ಲ, ಇಡೀ ಊರಿಗೇ ಇಟ್ಟಿದ್ದೇನೆ. ಆದರೆ ಆ ಪ್ರಯೋಗದಲ್ಲಿ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ಭರಣಿ ಇರಲಿಲ್ಲ.

ಶಿರಸಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಿಡಿ ನೆಲಕ್ಕೆ ಬೀಳಬಾರದು. ಮರ ಹತ್ತಿ ಕೊಯ್ದು, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸಬೇಕು. ತೊಟ್ಟು ಇರಲೇಬೇಕು, ಸೊನೆ ಒಳಗೇ ಉಳಿಯಬೇಕು. ಪರಿಮಳ ಇರುವುದೇ ಅಲ್ಲಿ. ಕಲ್ಲುಪ್ಪಿನಲ್ಲಿ ಹಾಕಿ, ಮಗುಚುತ್ತಾ, ಮಿಡಿ ಅಜ್ಜಿಯ ಕೆನ್ನೆ ಹಾಗೆ ಸುಕ್ಕಾದ ಮೇಲೆ ಸಾಸಿವೆ, ಮೆಣಸಿನ ಖಾರ. ಇಷ್ಟೆಲ್ಲ ಮಾಡಿ ಬಾಯಿಗೆ ಬಟ್ಟೆ ಕಟ್ಟಿಟ್ಟ ಭರಣಿಗೆ ದೊಡ್ಡ ಶತ್ರು ನೀರು. ಅದನ್ನು ತರುವವರು ನಮ್ಮನೆಯವರು.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ತಂಬುಳಿ ಕಲಕಿದ ಚಮಚವನ್ನು ಅವರು ನಲ್ಲಿ ಕೆಳಗೆ ಹಿಡಿದರು. ಎರಡು ಸಲ ಕೊಡವಿದರು. ತುದಿಯಲ್ಲಿ ಒಂದು ಹನಿ ತೂಗುತ್ತಲೇ ಇತ್ತು. ಆ ಹನಿ ಸಮೇತ ಚಮಚ ಭರಣಿಯೊಳಗೆ ಹೋಯಿತು.

ನನ್ನ ಕಿವಿ ಬಿಸಿಯಾಯಿತು. ಆದರೂ ಉಸಿರೆಳೆದುಕೊಂಡು, ರೇಡಿಯೋದಲ್ಲಿ ವಾರ್ತೆ ಓದುವ ದನಿಯಲ್ಲಿ ಹೇಳಿದೆ: “ನೋಡಿ, ಯಂಗೆ ಈಗ ಸಿಟ್ಟು ಬತ್ತಾ ಇದ್ದು.”

ಅವರು ಮಿಡಿ ಚೀಪುತ್ತಾ, “ಗೊತ್ತಿದ್ದು ಮಾರಾಯ್ತಿ. ಮದ್ವೆ ಆದಾಗಿಂದ ಬತ್ತಾ ಇದ್ದು” ಅಂದರು.

ಎದುರಿಗಿದ್ದವರು ಹೀಗೆ ಉತ್ತರ ಕೊಟ್ಟರೆ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ನಾನು ಕೂಗಾಡಲಿಲ್ಲ, ನಿಜ. ಎರಡು ದಿನ ಮಾತು ಬಿಟ್ಟೆ, ಅಷ್ಟೇ. ಎಷ್ಟು ಮಾಗಿದ್ದೇನೆ ಅಂತ ನನಗೇ ಹೆಮ್ಮೆ. “ಅಮ್ಮಾ, ಅದರ ಹೆಸರು ಮುನಿಸು” ಅಂತ ಮಗಳು ಬೆಂಗಳೂರಿನಿಂದ ಫೋನಿನಲ್ಲೇ ಹೆಸರಿಟ್ಟಳು. ಹೆಸರಿಟ್ಟರೂ ಇಳಿಯಲಿಲ್ಲ. ಜಾಸ್ತಿಯೇ ಆಯಿತು.

ಮೂರು ವಾರ ಬಿಟ್ಟು ನೋಡಿದರೆ ಅವರು ಚಮಚ ಅದ್ದಿದ ಭರಣಿಗೆ ಏನೂ ಆಗಿರಲಿಲ್ಲ. ಹತ್ತಿಯಂಥ ಬಿಳಿ ಬೂಷ್ಟು ಹಿಡಿದದ್ದು ಪಕ್ಕದ್ದಕ್ಕೆ. ಮಗಳಿಗೆಂದು ಎತ್ತಿಟ್ಟದ್ದು, ನಾನೊಬ್ಬಳೇ ಮುಟ್ಟುವಂಥದ್ದು.

ಅವರು ತೋಟದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಸುತ್ತಿದ್ದರು. ನಾನು ಸುಮ್ನೆ ಹಿತ್ತಲಿಗೆ ಹೋಗಿ ಮೇಲಿನ ಮಿಡಿಯನ್ನೆಲ್ಲ ಬಾಳೆಬುಡಕ್ಕೆ ಸುರಿದು, ಮೇಲೆ ಎರಡು ಸೋಗೆ ಎಳೆದೆ.

ಮಧ್ಯಾಹ್ನ ಅವರು ಹಿತ್ತಲಲ್ಲೇ ಕೈಕಾಲು ತೊಳೆದು ಒಳಗೆ ಬಂದರು. ಏನೂ ಕೇಳಲಿಲ್ಲ. ಊಟಕ್ಕೆ ಕೂತು ಚಮಚ ತೆಗೆದುಕೊಂಡು ಪಂಚೆಯ ತುದಿಯಲ್ಲಿ ಒರೆಸಿದರು. ಇನ್ನೊಮ್ಮೆ ಒರೆಸಿದರು. ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

ನಾನು ತಂಬುಳಿಯಿಂದ ತಲೆ ಎತ್ತಲಿಲ್ಲ.